12345654321: ಏರಿ ಇಳಿಯುವ ಅಂಕಿಗಳ ಒಳಗೆ ಏನಿದೆ?

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಬರುವ 27994681 × 441 = 12345654321 ಎಂಬ ಗುಣಾಕಾರದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳು ಬಗೆಬಗೆಯವು. ಆದರೂ ಎಲ್ಲವೂ ಸುತ್ತುತ್ತಿರುವುದು ಆ ಒಂದೇ ಉತ್ತರದ ಸುತ್ತ. ಆದ್ದರಿಂದ ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿಯಾಗಿ ಆ ಸಂಖ್ಯೆಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಇಂಥ ಉತ್ತರ ಆಕಸ್ಮಿಕವಾಗಿ ಸಿಕ್ಕಿದ್ದೇ ಅಥವಾ ಉತ್ತರವನ್ನು ಮೊದಲೇ ಇಟ್ಟುಕೊಂಡು ಲೆಕ್ಕವನ್ನು ಕಟ್ಟಿದ್ದೇ? (ಪ್ರೌಢಶಾಲೆಯ ಗಣಿತ ಶಿಕ್ಷಕಿ, ಗದಗ)

ಲೆಕ್ಕವನ್ನು ಕಟ್ಟಿದ್ದೇ ಎಂದು ಧೈರ್ಯವಾಗಿ ಹೇಳಬಹುದು. ಗಣಿತಸಾರಸಂಗ್ರಹ ಸುಮಾರು ಕ್ರಿ.ಶ. 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸಂಸ್ಕೃತ ಪದ್ಯಗಳಲ್ಲಿ ರಚನೆಯಾದ ಗ್ರಂಥ. ಅದರ ಆರಂಭದಲ್ಲೇ ದೊರೆಯ ಸ್ತುತಿ ಇದೆ. ಗುಣಾಕಾರಕ್ಕೆ ಅಲ್ಲಿನ ಹೆಸರು ‘ಪ್ರತ್ಯುತ್ಪನ್ನ’. ಆ ಭಾಗದ ಉದಾಹರಣೆಗಳಲ್ಲಿ ನೀವು ಕೇಳಿದ ಲೆಕ್ಕ ಒಂಟಿಯಾಗಿ ನಿಂತಿಲ್ಲ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು 11111111 ಬರುತ್ತದೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುತ್ತವೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಉತ್ತರಗಳನ್ನು ಗ್ರಂಥಕಾರರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಒಂದು ಹಾರ ಆಕಸ್ಮಿಕವಾಗಿ ಸಿಕ್ಕೀತು, ಸಾಲು ಸಾಲಾಗಿ ಸಿಗುವುದಿಲ್ಲ.

ಇನ್ನು ಈ ಲೆಕ್ಕದ ಒಳಗುಟ್ಟನ್ನು ನೋಡೋಣ. 12345654321 ಎಂಬುದು 111111ರ ವರ್ಗ. ಆರು ಒಂದುಗಳ ಈ ಸಂಖ್ಯೆಯನ್ನು ಒಡೆಯುವುದು ಕಷ್ಟವಲ್ಲ. ಮೂರಂಕಿಯ ಯಾವುದೇ ಸಂಖ್ಯೆಯನ್ನು ಎರಡು ಸಲ ಒತ್ತಾಗಿ ಬರೆದರೆ ಅದು 1001ರಿಂದ ಗುಣಿಸಿದಂತೆ; ಹಾಗಾಗಿ 111111 = 111 × 1001. ಇದರಲ್ಲಿ 111 = 3 × 37, 1001 = 7 × 11 × 13. ಅಂದರೆ 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37, ಪ್ರತಿಯೊಂದೂ ಒಂದೊಂದು ಸಲ ಮಾತ್ರ. ವರ್ಗ ಮಾಡಿದಾಗ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ.

ಈಗ 441ನ್ನು ನೋಡಿ: ಅದು 21ರ ವರ್ಗ, ಅಂದರೆ 3 ಮತ್ತು 7ರ ಜೋಡಿ. ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗವೇ 27994681. ಐದು ಅವಿಭಾಜ್ಯಗಳಲ್ಲಿ ಎರಡನ್ನು ಒಂದು ಕಡೆ, ಮೂರನ್ನು ಇನ್ನೊಂದು ಕಡೆ ಹಂಚಿ, ಎರಡೂ ಕಡೆ ವರ್ಗ ಮಾಡಲಾಗಿದೆ, ಅಷ್ಟೇ. ಹೀಗೆ ಎರಡು ವರ್ಗಗಳ ಗುಣಲಬ್ಧವಾಗಿ ಈ ಸಂಖ್ಯೆಯನ್ನು ಒಡೆಯಲು ಒಟ್ಟು 16 ದಾರಿಗಳಿವೆ, ಒಂದರಿಂದ ಗುಣಿಸುವ ದಾರಿಯೂ ಸೇರಿ. ಅವುಗಳಲ್ಲಿ ಕೆಲವನ್ನು ಪಾಠಕ್ಕೆ ಇಟ್ಟುಕೊಂಡಿದ್ದರೆ ರಸಭಂಗವಾಗುತ್ತಿತ್ತು. ಉದಾಹರಣೆಗೆ 121 × 102030201 ಎಂದು ಬರೆದರೆ ಉತ್ತರದ ಏರಿಕೆ ಪ್ರಶ್ನೆಯಲ್ಲೇ ಇಣುಕುತ್ತದೆ. 27994681 ಮತ್ತು 441 ಮಾತ್ರ ಏನನ್ನೂ ಬಿಟ್ಟುಕೊಡುವುದಿಲ್ಲ. ಕೊನೆಯ ಕೂಡಿಕೆ ಮುಗಿಯುವವರೆಗೂ ವಿದ್ಯಾರ್ಥಿಗೆ ಸುಳಿವು ಸಿಗದಂತೆ ಆರಿಸಿದ ಜೋಡಿ ಇದು ಎಂಬುದು ನನ್ನ ಅಭಿಪ್ರಾಯ; ಮೇಷ್ಟರೊಬ್ಬರ ಕೈಚಳಕ ಇಲ್ಲಿ ಚೆನ್ನಾಗಿ ಕಾಣುತ್ತದೆ. ನಿಮ್ಮ ತರಗತಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲದೆ ಒಮ್ಮೆ ಮಾಡಿಸಿ. 27994681ನ್ನು 400ರಿಂದ ಗುಣಿಸಿದರೆ 11197872400, 40ರಿಂದ ಗುಣಿಸಿದರೆ 1119787240, ಒಂದರಿಂದ ಗುಣಿಸಿದರೆ ಅದೇ ಸಂಖ್ಯೆ. ಈ ಮೂರನ್ನೂ ಕೂಡಿಸುವಾಗ ಬಲದಿಂದ ಒಂದೊಂದೇ ಅಂಕಿ 1, 2, 3 ಎಂದು ಬೀಳುವುದನ್ನು ಮಕ್ಕಳೇ ಕಂಡುಕೊಳ್ಳಲಿ.

ಪ್ರಶ್ನೆ: 11ರ ವರ್ಗ 121, 111ರ ವರ್ಗ 12321. ಈ ಸಾಲು ಎಲ್ಲಿಯವರೆಗೆ ಹೋಗುತ್ತದೆ? ಏಕೆ ನಿಲ್ಲುತ್ತದೆ? (ಹತ್ತನೆಯ ತರಗತಿ ವಿದ್ಯಾರ್ಥಿ, ಶಿರಸಿ)

111111ನ್ನು ಅದರಿಂದಲೇ ಗುಣಿಸುವಾಗ ಮಗ್ಗಿಯ ಕೆಲಸವೇ ಇಲ್ಲ. ಅದೇ ಸಂಖ್ಯೆಯನ್ನು ಆರು ಸಾಲುಗಳಲ್ಲಿ, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿಸಬೇಕು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1 ಇರುತ್ತದೆ, ಅದರ ಪಕ್ಕದಲ್ಲಿ ಎರಡು, ನಡುವಿನ ಕಂಬಸಾಲಿನಲ್ಲಿ ಆರು. ಅಲ್ಲಿಂದ ಎಡಕ್ಕೆ ಮತ್ತೆ ಐದು, ನಾಲ್ಕು ಎಂದು ಇಳಿಯುತ್ತದೆ. ಉತ್ತರದ ಅಂಕಿಗಳು ಎಂದರೆ ಈ ಎಣಿಕೆಗಳೇ. ಎಲ್ಲೂ ದಶಕ ಬರುವುದಿಲ್ಲವಾದ್ದರಿಂದ ಎಣಿಕೆ ಎಣಿಕೆಯಾಗಿಯೇ ಉಳಿಯುತ್ತದೆ.

ಒಂಬತ್ತು ಒಂದುಗಳವರೆಗೆ ಇದು ಸರಾಗ: 111111111ರ ವರ್ಗ 12345678987654321. ಹತ್ತು ಒಂದುಗಳಾದಾಗ ನಡುವಿನ ಕಂಬಸಾಲಿನ ಮೊತ್ತ 10 ಆಗುತ್ತದೆ. ಅಲ್ಲಿ 0 ಬರೆದು ದಶಕ ಒಂದನ್ನು ಎಡಕ್ಕೆ ಒಯ್ಯಬೇಕು. ಎಡಗಡೆ ಇರುವುದು 9. ಅದೂ 10 ಆಗಿ, ಇನ್ನೊಂದು 0 ಬಿದ್ದು, ದಶಕ ಮುಂದಿನ 8ಕ್ಕೆ ಸೇರಿ 9 ಆಗುತ್ತದೆ. ಹೀಗೆ ಸಿಗುವ ಉತ್ತರ 1234567900987654321. ಏರುವ ಬದಿಯಲ್ಲಿ 8 ಮಾಯವಾಗಿದೆ, ಇಳಿಯುವ ಬದಿ ಮಾತ್ರ ಹಾಗೆಯೇ ಇದೆ. ಈ ಬಿರುಕನ್ನು ಅಂಕಿಗಳ ಮೊತ್ತದಲ್ಲೂ ಗುರುತಿಸಬಹುದು. ಆರು ಒಂದುಗಳ ವರ್ಗದಲ್ಲಿ ಅಂಕಿಗಳ ಮೊತ್ತ 36, ಅಂದರೆ ಆರು ಸಾಲುಗಳಲ್ಲಿ ಆರಾರರಂತೆ ಇರುವ ಒಂದುಗಳ ಒಟ್ಟು ಎಣಿಕೆ. ಹತ್ತು ಒಂದುಗಳಿಗೆ ಅದು 100 ಆಗಬೇಕಿತ್ತು, ಆದರೆ 82 ಆಗುತ್ತದೆ. ಪ್ರತಿ ದಶಕಕ್ಕೂ ಮೊತ್ತದಲ್ಲಿ 9 ಕಡಿಮೆಯಾಗುತ್ತದೆ ಮತ್ತು ಇಲ್ಲಿ ದಶಕ ಎರಡು ಸಲ ಬಂದಿದೆ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಮೇಲಿನ ವಾದದಲ್ಲಿ ಹತ್ತು ಎಂಬ ಆಧಾರದ (ಒಂದು ಸ್ಥಾನ ಎಡಕ್ಕೆ ಸರಿದಾಗ ಅಂಕಿಯ ಬೆಲೆ ಎಷ್ಟು ಪಟ್ಟಾಗುತ್ತದೋ ಆ ಸಂಖ್ಯೆಯ) ಪಾತ್ರವೆಲ್ಲ ‘ದಶಕ ಬರಬಾರದು’ ಎಂಬುದಷ್ಟೇ. ಹಾಗಾಗಿ ಏಳನ್ನು ಆಧಾರವಾಗಿಟ್ಟುಕೊಂಡು ಎಣಿಸುವವರಿಗೂ, ಹನ್ನೆರಡನ್ನು ಇಟ್ಟುಕೊಂಡು ಎಣಿಸುವವರಿಗೂ, ಏಳಕ್ಕೆ ಕಡಿಮೆಯಿಲ್ಲದ ಯಾವ ಆಧಾರವನ್ನು ಹಿಡಿದವರಿಗೂ ‘111111’ರ ವರ್ಗ ‘12345654321’ ಎಂದೇ ಕಾಣುತ್ತದೆ. ಆದರೆ ಹಾಗೆ ಬರೆದ ಸಂಖ್ಯೆ ಬೇರೆ. ಏಳರ ಆಧಾರದಲ್ಲಿ 111111 ಎಂದರೆ ನಮ್ಮ 19608, ಅದರ ವರ್ಗ 384473664. ಈ 19608ರ ಅವಿಭಾಜ್ಯ ಅಪವರ್ತನಗಳು 2, 3, 19 ಮತ್ತು 43. ಬರವಣಿಗೆ ಅದೇ, ಒಳಗಿನ ಅವಿಭಾಜ್ಯಗಳು ಬೇರೆ. ಮುಂದಿನ ಉತ್ತರಗಳನ್ನು ಓದುವಾಗ ಈ ಭೇದ ನೆನಪಿರಲಿ.

ಪ್ರಶ್ನೆ: ಈ ಸಂಖ್ಯೆಯನ್ನು ಕನ್ನಡದಲ್ಲಿ ಓದುವುದು ಹೇಗೆ? ಆ ಕಾಲದಲ್ಲಿ ಇಷ್ಟು ದೊಡ್ಡ ಸಂಖ್ಯೆಗೆ ಹೆಸರಿತ್ತೇ? (ಓದುಗರೊಬ್ಬರು, ಸೇಡಂ)

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಕೋಟಿ ಎಂಟನೆಯದು, ದಶಕೋಟಿ ಒಂಬತ್ತನೆಯದು, ಶತಕೋಟಿ ಹತ್ತನೆಯದು, ಹನ್ನೊಂದನೆಯದು ಅರ್ಬುದ. ನಮ್ಮ ಸಂಖ್ಯೆಯಲ್ಲಿ ಹನ್ನೊಂದು ಅಂಕಿಗಳಿರುವುದರಿಂದ ಎಡತುದಿಯ 1 ನಿಂತಿರುವುದು ಅರ್ಬುದದ ಸ್ಥಾನದಲ್ಲಿ. ಆದರೆ ಗ್ರಂಥದಲ್ಲಿ ಈ ಉತ್ತರವನ್ನು ಅರ್ಬುದ, ಕೋಟಿ ಎಂದು ಬಿಡಿಸಿ ಹೇಳಿಲ್ಲ. ಒಂದರಿಂದ ಮೊದಲಾಗಿ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂಬರ್ಥದ ಮಾತಿನಲ್ಲಿ ಅದನ್ನು ಸೂಚಿಸಲಾಗಿದೆ. ಅಂಕಿಯ ಬೆಲೆ ಅದು ನಿಂತ ಸ್ಥಾನದಿಂದ ಬರುತ್ತದೆ ಎಂಬುದು ಓದುಗರಿಗೆ ಮನೆಮಾತಾಗಿರದಿದ್ದರೆ ಇಂಥ ವರ್ಣನೆಗೆ ಅರ್ಥವೇ ಇರುತ್ತಿರಲಿಲ್ಲ.

ಪ್ರಶ್ನೆ: ಕಂಪ್ಯೂಟರಿನಲ್ಲಿ 111111ನ್ನು 111111ರಿಂದ ಗುಣಿಸಲು ಚಿಕ್ಕ ಪ್ರೋಗ್ರಾಂ ಬರೆದೆ. ಉತ್ತರ −539247567 ಎಂದು ಬಂತು. ಎರಡು ಧನ ಸಂಖ್ಯೆಗಳ ಗುಣಲಬ್ಧ ಋಣವಾಗುವುದು ಹೇಗೆ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು)

ನೀವು ಉತ್ತರವನ್ನು 32 ಬಿಟ್‌ಗಳ ಪೂರ್ಣಾಂಕದಲ್ಲಿ ಇರಿಸಿದ್ದೀರಿ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಧನ ಸಂಖ್ಯೆ 2147483647. ನಮ್ಮ ಸಂಖ್ಯೆ ಅದರ ಐದು ಪಟ್ಟಿಗಿಂತಲೂ ದೊಡ್ಡದು. ಹಿಡಿಸದ ಭಾಗವನ್ನು ಯಂತ್ರ ಬಿಟ್ಟುಬಿಡುತ್ತದೆ. ಅಂದರೆ 2ರ 32ನೆಯ ಘಾತವಾದ 4294967296ನ್ನು ಎಷ್ಟು ಸಲ ಕಳೆಯಬಹುದೋ ಅಷ್ಟು ಸಲ ಕಳೆದಂತೆ. ಎರಡು ಸಲ ಕಳೆದರೆ 3755719729 ಉಳಿಯುತ್ತದೆ. ಇದೂ ಮೇಲಿನ ಮಿತಿಯನ್ನು ದಾಟಿರುವುದರಿಂದ ಯಂತ್ರ ಅದನ್ನು ಋಣ ಸಂಖ್ಯೆಯೆಂದು ಓದುತ್ತದೆ. ಇನ್ನೊಂದು ಸಲ 4294967296ನ್ನು ಕಳೆದರೆ ನಿಮ್ಮ −539247567 ಸಿಗುತ್ತದೆ. 64 ಬಿಟ್‌ಗಳ ಪೂರ್ಣಾಂಕ ಬಳಸಿ, ಸರಿಹೋಗುತ್ತದೆ. ಜಾವಾದಂಥ ಭಾಷೆಯಲ್ಲಿ ಉತ್ತರವನ್ನು ಇಡುವ ಜಾಗವನ್ನು ಮಾತ್ರ ದೊಡ್ಡದು ಮಾಡಿದರೆ ಸಾಲದು, ಗುಣಿಸುವ ಮುನ್ನವೇ ಒಂದು ಸಂಖ್ಯೆಯನ್ನಾದರೂ 64 ಬಿಟ್‌ಗಳಿಗೆ ಬದಲಿಸಬೇಕು.

ಪ್ರಶ್ನೆ: ಅಂಕಿಗಳ ಮೊತ್ತ 36, ಮತ್ತೆ ಕೂಡಿಸಿದರೆ 9. ಇದು ಶುಭಸಂಖ್ಯೆ ಎನ್ನಬಹುದೇ? (ಓದುಗರೊಬ್ಬರು, ತುಮಕೂರು)

ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವ ಪ್ರತಿಯೊಂದು ಸಂಖ್ಯೆಗೂ ಕೊನೆಗೆ 9 ಬಂದೇ ಬರುತ್ತದೆ. ಒಂದರಿಂದ ಈ ಸಂಖ್ಯೆಯವರೆಗೆ ಅಂಥವು 1371739369 ಇವೆ, ಅಂದರೆ 137 ಕೋಟಿಗೂ ಹೆಚ್ಚು. ಇಷ್ಟು ಧಾರಾಳವಾಗಿ ಸಿಗುವುದನ್ನು ಶುಭವೆಂದು ಕರೆಯಲು ನಮ್ಮ ಅಭ್ಯಂತರವೇನೂ ಇಲ್ಲ. ಅಂದ ಹಾಗೆ ಆ 1371739369 ಕೂಡ ಒಂದು ವರ್ಗವೇ, 37037ರ ವರ್ಗ.

ಪ್ರಶ್ನೆ: 1ನ್ನು 7ರಿಂದ ಅಥವಾ 13ರಿಂದ ಭಾಗಿಸಿದರೆ ದಶಮಾಂಶದಲ್ಲಿ ಆರಾರು ಅಂಕಿಗಳು ಮರುಕಳಿಸುತ್ತವೆ. ಆರು ಒಂದುಗಳಿಗೂ ಇದಕ್ಕೂ ಸಂಬಂಧವಿದೆಯೇ? (ಪಿಯು ಉಪನ್ಯಾಸಕರು, ಧಾರವಾಡ)

ನೇರ ಸಂಬಂಧವಿದೆ. ಆವರ್ತ ದಶಮಾಂಶ ಆರು ಅಂಕಿಗಳಲ್ಲಿ ಮರಳಿ ಬರಬೇಕಾದರೆ ಛೇದ 999999ನ್ನು ಭಾಗಿಸಬೇಕು, ಮತ್ತು 999999 ಎಂದರೆ ಒಂಬತ್ತು ಸಲ 111111. 999999ನ್ನು 7ರಿಂದ ಭಾಗಿಸಿದರೆ 142857. ಏಳನೆಯ ಒಂದು ಭಾಗದಲ್ಲಿ ಮರುಕಳಿಸುವುದು ಇದೇ. 13ರಿಂದ ಭಾಗಿಸಿದರೆ 76923. ಅದರ ಆವರ್ತ 076923. 37ರದು ಮೂರೇ ಅಂಕಿಗಳ 027, 11ರದು ಎರಡಂಕಿಯ 09, 3ರದು ಬರೀ 3. ಮೂರು, ಎರಡು, ಒಂದು ಇವೆಲ್ಲವೂ ಆರನ್ನು ಭಾಗಿಸುವುದರಿಂದ ಆರು ಸ್ಥಾನ ಸಾಗಿದ ಮೇಲೆ ಇವೂ ಮೊದಲಿಗೆ ಬಂದಿರುತ್ತವೆ. 2 ಮತ್ತು 5ನ್ನು ಬಿಟ್ಟರೆ ಈ ಗುಣವಿರುವ ಅವಿಭಾಜ್ಯಗಳು ಈ ಐದೇ, ಆರನೆಯದಿಲ್ಲ.

ನಿಮ್ಮ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದೆ ಒಯ್ದು, 1ನ್ನು 12345654321ರಿಂದಲೇ ಭಾಗಿಸಿದರೆ ಎಷ್ಟು ಅಂಕಿಗಳ ನಂತರ ಮರುಕಳಿಸುತ್ತದೆ ಎಂದು ಕೇಳಬಹುದು. 111111ನ್ನು ‘ರ’ ಎಂದು ಕರೆಯೋಣ. ಹತ್ತರ ಆರನೆಯ ಘಾತ 1 + 9 × ‘ರ’ ಆಗುತ್ತದೆ. ಇದನ್ನು ‘ಕ’ ಸಲ ತನ್ನಿಂದಲೇ ಗುಣಿಸಿ, ‘ರ’ದ ವರ್ಗದಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, 1 + 9 × ‘ಕ’ × ‘ರ’ ಎಂಬುದಷ್ಟೇ ಮುಖ್ಯವಾಗುತ್ತದೆ, ಮುಂದಿನ ಪದಗಳಲ್ಲೆಲ್ಲ ‘ರ’ದ ವರ್ಗ ಇರುವುದರಿಂದ ಅವು ಶೂನ್ಯವಾಗುತ್ತವೆ. ಅಂಕಿಗಳು ಮರುಕಳಿಸಲು ಈ ಶೇಷ 1 ಆಗಬೇಕು; ಹಾಗಾಗಬೇಕಾದರೆ 9 × ‘ಕ’ ಎಂಬುದು 111111ರಿಂದ ಭಾಗವಾಗಬೇಕು. 111111ರಲ್ಲಿರುವ ಒಂದು 3ನ್ನು ಆ 9 ನೋಡಿಕೊಳ್ಳುತ್ತದೆ, ಉಳಿದ 37037 ಮಾತ್ರ ‘ಕ’ದಲ್ಲೇ ಇರಬೇಕು. ಹಾಗಾಗಿ ಆವರ್ತದ ಉದ್ದ 6 × 37037, ಅಂದರೆ ಸರಿಯಾಗಿ 222222 ಅಂಕಿಗಳು.

ಪ್ರಶ್ನೆ: ಅಂಕಿಗಳ ಜೋಡಣೆ ಚಂದವೇ, ಒಪ್ಪೋಣ. ಅದನ್ನು ಬದಿಗಿಟ್ಟರೆ ಈ ಸಂಖ್ಯೆಗೆ ತನ್ನದೇ ಆದ ಗುಣ ಏನಾದರೂ ಇದೆಯೇ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು)

ಕೇಳಬೇಕಾದ ಪ್ರಶ್ನೆ ಇದೇ. ಉತ್ತರ ಸಂಖ್ಯೆಯ ಭಾಜಕಗಳಲ್ಲಿದೆ, ಏಕೆಂದರೆ ಯಾವ ಆಧಾರದಲ್ಲಿ ಬರೆದರೂ ಭಾಜಕಗಳು ಬದಲಾಗುವುದಿಲ್ಲ.

ಐದು ಅವಿಭಾಜ್ಯಗಳು ಎರಡೆರಡು ಸಲ ಇವೆ. ಒಂದು ಭಾಜಕವನ್ನು ಕಟ್ಟುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಂದು ಸಲ ಸೇರಿಸಬಹುದು, ಎರಡು ಸಲ ಸೇರಿಸಬಹುದು. ಹೀಗೆ ಮೂರನ್ನು ಐದು ಸಲ ಗುಣಿಸಿದರೆ 243 ಭಾಜಕಗಳು. ಎಲ್ಲವೂ ಬೆಸ. ಅವುಗಳ ಮೊತ್ತವನ್ನು ಒಂದೊಂದಾಗಿ ಕೂಡಿಸಬೇಕಿಲ್ಲ; 1 + 3 + 9 = 13, 1 + 7 + 49 = 57, ಹಾಗೆಯೇ 11ಕ್ಕೆ 133, 13ಕ್ಕೆ 183, 37ಕ್ಕೆ 1407 ಎಂದು ಪಡೆದು ಈ ಐದನ್ನೂ ಗುಣಿಸಿದರೆ ಸಾಕು. ಬರುವುದು 25375524993. ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿದ 242 ಭಾಜಕಗಳ ಮೊತ್ತ 13029870672, ಅದು ಸಂಖ್ಯೆಗಿಂತ ದೊಡ್ಡದು. ತನಗಿಂತ ಚಿಕ್ಕ ಭಾಜಕಗಳ ಮೊತ್ತ ತನ್ನನ್ನೇ ಮೀರಿಸುವ ಇಂಥ ಸಂಖ್ಯೆಗಳಿಗೆ ಸಮೃದ್ಧ ಸಂಖ್ಯೆಗಳೆಂದು ಹೆಸರು. ಸಮ ಸಂಖ್ಯೆಗಳಲ್ಲಿ ಇವು 12ರಿಂದಲೇ ಶುರುವಾಗುತ್ತವೆ, ಬೆಸ ಸಂಖ್ಯೆಗಳಲ್ಲಿ ಮೊದಲನೆಯದಕ್ಕೆ 945ರವರೆಗೆ ಕಾಯಬೇಕು. ನಮ್ಮ ಸಂಖ್ಯೆ ಬೆಸವಾಗಿದ್ದೂ, 5 ಎಂಬ ಅಪವರ್ತನದ ನೆರವಿಲ್ಲದೆಯೂ ಸಮೃದ್ಧವಾಗಿದೆ.

ಎಷ್ಟು ಅಂಚಿನಲ್ಲಿ ಸಮೃದ್ಧವಾಗಿದೆ ಎಂಬುದನ್ನು ನೋಡಲು 37ರ ವರ್ಗವಾದ 1369ನ್ನು ತೆಗೆದುಹಾಕಿ. ಉಳಿಯುವುದು 9018009, ಅದು 3003ರ ವರ್ಗ. ಇದರ ಎಲ್ಲ ಭಾಜಕಗಳ ಮೊತ್ತ 18035199. ಸಂಖ್ಯೆಯ ಇಮ್ಮಡಿ 18036018. ಕೊರತೆ ಬರೀ 819. ಭಾಜಕಗಳ ಮೊತ್ತ ಸರಿಯಾಗಿ ಇಮ್ಮಡಿಯಾಗಿದ್ದಿದ್ದರೆ ಅದು 6, 28, 496ರಂತೆ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಗಣಿತದ ಅತಿ ಹಳೆಯ ಬಗೆಹರಿಯದ ಪ್ರಶ್ನೆಗಳಲ್ಲೊಂದು ಎಂಬುದನ್ನು ನೆನೆದರೆ, 90 ಲಕ್ಷದ ಸಂಖ್ಯೆಗೆ 819ರ ಕೊರತೆ ಆಸೆ ಹುಟ್ಟಿಸುವಂಥದ್ದು.

ಈ ಆಸೆ ಹಳೆಯದು. 37ರ ವರ್ಗದ ಬದಲು ಬೇರೊಂದು ಅವಿಭಾಜ್ಯವನ್ನು ಒಂದೇ ಸಲ ಸೇರಿಸಿ ಆ 819ನ್ನು ತುಂಬಬಹುದೇ? ಆ ಅವಿಭಾಜ್ಯ ‘ಪ’ ಎಂದಾದರೆ, 18035199ನ್ನು (ಪ + 1)ರಿಂದ ಗುಣಿಸಿದ್ದು 18036018ನ್ನು ಪದಿಂದ ಗುಣಿಸಿದ್ದಕ್ಕೆ ಸಮನಾಗಬೇಕು. ಅಂದರೆ 819ಪ = 18035199. ಭಾಗಿಸಿ ನೋಡಿ: ಶೇಷವಿಲ್ಲದೆ ಪ = 22021 ಬರುತ್ತದೆ. ಫ್ರೆಂಚ್ ತತ್ತ್ವಜ್ಞಾನಿ, ಗಣಿತಜ್ಞ ರೆನೆ ಡೆಕಾರ್ಟ್ 1638ರಲ್ಲಿ ತನ್ನ ಸಮಕಾಲೀನ ಗಣಿತಜ್ಞ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಮುಂದಿಟ್ಟಿದ್ದು ಈ ಸಂಖ್ಯೆಯನ್ನೇ: 9018009 × 22021 = 198585576189. 22021 ಅವಿಭಾಜ್ಯವಾಗಿದ್ದಿದ್ದರೆ ಇದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಆದರೆ 22021 ಎಂದರೆ 19 × 19 × 61. ಈ 198585576189ನ್ನು ಇಂದು ಡೆಕಾರ್ಟ್ ಸಂಖ್ಯೆಯೆಂದೇ ಕರೆಯುತ್ತಾರೆ. ಮಾನ್ಯಖೇಟದ ದೊರೆಯ ಕಾಲದ ಪಾಠದ ಲೆಕ್ಕಕ್ಕೂ ಹದಿನೇಳನೆಯ ಶತಮಾನದ ಆ ಪತ್ರಕ್ಕೂ ಐತಿಹಾಸಿಕ ನಂಟೇನೂ ಇಲ್ಲ. 3, 7, 11, 13ರ ವರ್ಗಗಳು ಎರಡೂ ಕಡೆ ಇವೆ, ಒಂದರಲ್ಲಿ ಅವುಗಳ ಜೊತೆ 1369, ಇನ್ನೊಂದರಲ್ಲಿ 22021, ಅಷ್ಟೇ ವ್ಯತ್ಯಾಸ.

12345654321 ತಾನೇ ಪರಿಪೂರ್ಣವಾಗುವ ಸಾಧ್ಯತೆ ಎಂದೂ ಇರಲಿಲ್ಲ, ಮತ್ತು ಅದಕ್ಕೆ ಮೊತ್ತವನ್ನು ಲೆಕ್ಕ ಹಾಕುವ ಅಗತ್ಯವೂ ಇರಲಿಲ್ಲ. ಬೆಸ ವರ್ಗಸಂಖ್ಯೆಯ ಭಾಜಕಗಳೆಲ್ಲ ಬೆಸ, ಅವುಗಳ ಎಣಿಕೆಯೂ ಬೆಸ. ಹಾಗಾಗಿ ಮೊತ್ತ ಬೆಸವಾಗಲೇಬೇಕು. ಇಮ್ಮಡಿಯಾದರೋ ಯಾವಾಗಲೂ ಸಮ. ಬೆಸ ವರ್ಗವೊಂದು ಪರಿಪೂರ್ಣ ಸಂಖ್ಯೆಯಾಗುವ ದಾರಿ ಅಲ್ಲೇ ಮುಚ್ಚುತ್ತದೆ. ಬೆಸ ಪರಿಪೂರ್ಣ ಸಂಖ್ಯೆಯೊಂದು ಇರುವುದೇ ಆದರೆ ಅದು 10ರ 1500ನೆಯ ಘಾತಕ್ಕಿಂತ ದೊಡ್ಡದಿರಬೇಕೆಂದು 2012ರಲ್ಲಿ ಪಾಸ್ಕಲ್ ಓಶೆಮ್ ಮತ್ತು ಮೈಕೆಲ್ ರಾವ್ ತೋರಿಸಿದ್ದಾರೆ. ಅಷ್ಟು ದೊಡ್ಡ ಸಂಖ್ಯೆಯನ್ನು ಬರೆಯಲು 1500ಕ್ಕೂ ಹೆಚ್ಚು ಅಂಕಿಗಳು ಬೇಕು.